ಹಳೆಯ ಕಾರಿನ ಗ್ಲೋವ್ ಬಾಕ್ಸ್ ಲಾಕ್ ಬಿಚ್ಚುವುದು: ಮೀಟುವ ಮೊದಲು ಹಿಡಿದಿರುವುದೇನು ಎಂದು ನೋಡಿ

ಗ್ಲೋವ್ ಬಾಕ್ಸ್ ಲಾಕನ್ನು ಅದರ ಜಾಗದಲ್ಲಿ ಹಿಡಿದಿಟ್ಟಿರುವುದು ಬಹುಮಟ್ಟಿಗೆ ಒಂದೇ ಒಂದು ಚಿಕ್ಕ ತುಣುಕು. ಅದು ಹಿಂಬದಿಯ ರಿಂಗ್ ನಟ್ ಆಗಿರಬಹುದು, ಲಾಳದಾಕಾರದ ಕ್ಲಿಪ್ ಆಗಿರಬಹುದು, ಇಲ್ಲವೇ ಸಿಲಿಂಡರಿನ (ಕೀಯೊಡನೆ ತಿರುಗುವ ಒಳಭಾಗದ) ಬದಿಯಿಂದ ಒಂದೆರಡು ಮಿ.ಮೀ. ಇಣುಕುವ ಹಿತ್ತಾಳೆಯ ಬಿಲ್ಲೆಯಾಗಿರಬಹುದು. ಅದು ಯಾವುದು, ಎಲ್ಲಿದೆ ಎಂದು ತಿಳಿಯದೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ಲಾಕ್ ಬರುವುದಿಲ್ಲ, ಲಾಕಿನ ಸುತ್ತಲಿನ ಪ್ಲಾಸ್ಟಿಕ್ ಬರುತ್ತದೆ. ಲಾಕ್ ಇನ್ನೊಂದು ಸಿಗಬಹುದು. ಬಣ್ಣ ಹೊಂದುವ, ಬಿರುಕಿಲ್ಲದ ಹಳೆಯ ಮುಚ್ಚಳ ಸಿಗುವುದು ಅಷ್ಟು ಸುಲಭವಲ್ಲ.

ತಪ್ಪು ಲಾಕಿನದೇ?

ಕೀ ತಿರುಗುತ್ತಿಲ್ಲ, ಗುಂಡಿ ಒತ್ತಿದರೂ ತೆರೆಯುತ್ತಿಲ್ಲ ಎಂದಾಗ ಎಷ್ಟೋ ಸಲ ಲಾಕ್ ನಿರಪರಾಧಿ. ಮುಚ್ಚಳದ ಹಿಂಜ್ ಸವೆದು ಅಥವಾ ಅದರ ಸ್ಕ್ರೂ ಸಡಿಲವಾಗಿ ಮುಚ್ಚಳ ಎರಡು ಮೂರು ಮಿ.ಮೀ. ಜಾರಿರುತ್ತದೆ. ಆಗ ಲಾಕಿನ ನಾಲಗೆ ಸ್ಟ್ರೈಕರಿನ (ನಾಲಗೆ ಹೋಗಿ ಕೂರುವ ಎದುರುಬದಿಯ ತುಣುಕಿನ) ಅಂಚಿಗೆ ಒತ್ತಿಕೊಂಡು ಕೂರುತ್ತದೆ. ಒಳಗೆ ಕಾಗದಪತ್ರ ತುರುಕಿ ತುಂಬಿದ್ದರೂ ಅಷ್ಟೇ: ಸಾಮಾನು ಮುಚ್ಚಳವನ್ನು ಹೊರಗೆ ನೂಕುತ್ತದೆ, ಆ ಭಾರವೆಲ್ಲ ನಾಲಗೆಯ ಮೇಲೆ ಬೀಳುತ್ತದೆ. ಇಂಥ ಸ್ಥಿತಿಯಲ್ಲಿ ಕೀಯನ್ನು ಬಲವಂತವಾಗಿ ತಿರುಗಿಸುತ್ತ ಹೋದರೆ ಸಿಲಿಂಡರಿನ ಹಿಂದಿನ ಬಾಲ, ಅಂದರೆ ನಾಲಗೆಯನ್ನು ಆಡಿಸುವ ಪಟ್ಟಿ, ಮುರಿಯುತ್ತದೆ, ಇಲ್ಲವೇ ಕೀ ತಿರುಚಿಕೊಳ್ಳುತ್ತದೆ. ಲಾಕ್ ನಿಜವಾಗಿ ಕೆಡುವುದು ಹೀಗೆ.

ಪರೀಕ್ಷೆ ಸುಲಭ. ಅಂಗೈಯಿಂದ ಮುಚ್ಚಳವನ್ನು ಒಳಕ್ಕೆ ಒತ್ತಿ ಹಿಡಿದು ಕೀ ತಿರುಗಿಸಿ. ಆಗದಿದ್ದರೆ ಎಡಕ್ಕೆ, ಬಲಕ್ಕೆ, ಮೇಲಕ್ಕೆ ಸ್ವಲ್ಪ ಸ್ವಲ್ಪ ಸರಿಸಿ ಹಿಡಿದು ಮತ್ತೆ ನೋಡಿ. ಯಾವುದೋ ಒಂದು ಕೋನದಲ್ಲಿ ಸಲೀಸಾಗಿ ತಿರುಗಿದರೆ ಲಾಕ್ ಬಿಚ್ಚುವ ಅಗತ್ಯವೇ ಇಲ್ಲ. ಹಿಂಜ್ ಸರಿಮಾಡಿ, ಸ್ಟ್ರೈಕರನ್ನು ಅದರ ಉದ್ದತೂತಿನಲ್ಲಿ ಸರಿಸಿ, ಕೆಲಸ ಮುಗಿಸಿ.

ಎರಡನೆಯ ಶಂಕಿತ ಕೀ. ದಶಕಗಳ ಬಳಕೆಯಲ್ಲಿ ಕೀಯ ಹಲ್ಲುಗಳ ತುದಿ ಉರುಟಾಗಿ ಎತ್ತರ ಇಳಿದಿರುತ್ತದೆ. ಸವೆದ ಕೀಯನ್ನು ನೋಡಿ ಕತ್ತರಿಸಿದ ನಕಲು ಆ ಸವೆತವನ್ನೂ ನಕಲು ಮಾಡಿರುತ್ತದೆ. ಕೀ ಕೋಡ್ (ಹಲ್ಲುಗಳ ಮೂಲ ಅಳತೆ ಸೂಚಿಸುವ ಸಂಖ್ಯೆ) ಗೊತ್ತಿದ್ದರೆ ಅದರ ಪ್ರಕಾರ ಹೊಸದಾಗಿ ಕತ್ತರಿಸಿದ ಕೀ ಹಾಕಿ ನೋಡಬೇಕು. ಕಾರಿಗೆ ಎರಡು ಕೀಗಳಿದ್ದವೇ ಎಂಬುದನ್ನೂ ವಿಚಾರಿಸಿ. ಜನರಲ್ ಮೋಟಾರ್ಸ್ ಮತ್ತು ಫೋರ್ಡ್‌ನ ಹಳೆಯ ಅಮೆರಿಕನ್ ಕಾರುಗಳಲ್ಲಿ ಇಗ್ನಿಷನ್ ಮತ್ತು ಬಾಗಿಲಿಗೆ ಒಂದು ಕೀ, ಡಿಕ್ಕಿ ಮತ್ತು ಗ್ಲೋವ್ ಬಾಕ್ಸಿಗೆ ಇನ್ನೊಂದು ಕೀ ಕೊಡುವ ಪದ್ಧತಿ ಬಹಳ ಕಾಲ ನಡೆದಿತ್ತು. ಎರಡನೆಯದು ಕಳೆದುಹೋದ ಕಾರಿನಲ್ಲಿ ಇಗ್ನಿಷನ್ ಕೀ ಹಾಕಿ ಒದ್ದಾಡಿದರೆ ಲಾಕ್ ಕೆಟ್ಟಂತೆಯೇ ಕಾಣುತ್ತದೆ.

ಬೇಕಾದ ಸಾಮಾನು

ಗಿಡ್ಡ ಹಿಡಿಯ ಎರಡನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್, ಕಾಲಿಂಚಿನ ಚಿಕ್ಕ ರ್ಯಾಚೆಟ್ ಜೊತೆಗೆ 7, 8, 10 ಮಿ.ಮೀ. ಸಾಕೆಟ್, ಉದ್ದ ಮೂತಿಯ ಇಕ್ಕಳ, ಬಾಗಿದ ತುದಿಯ ಸರ್ಕ್ಲಿಪ್ ಇಕ್ಕಳ, ಪ್ಲಾಸ್ಟಿಕ್ ಟ್ರಿಮ್ ಮೀಟುಗೋಲು, ಹಲ್ಲಿನ ವೈದ್ಯರು ಬಳಸುವಂಥ ಪುಟ್ಟ ಕನ್ನಡಿ, ತಲೆಗೆ ಕಟ್ಟುವ ಟಾರ್ಚ್, ಮಾಸ್ಕಿಂಗ್ ಟೇಪ್. ಇವುಗಳ ಜೊತೆ 1 ಮತ್ತು 1.5 ಮಿ.ಮೀ. ದಪ್ಪದ ಗಟ್ಟಿ ಸ್ಪ್ರಿಂಗ್ ತಂತಿಯ ತುಂಡುಗಳು, ಒಂದೊಂದೂ ಸುಮಾರು 8 ಸೆಂ.ಮೀ. ಉದ್ದ. ಪೇಪರ್ ಕ್ಲಿಪ್ ಬಿಡಿಸಿ ಬಳಸಬೇಡಿ. ಅದು ಮೆತ್ತಗಿರುತ್ತದೆ, ಬಿಲ್ಲೆಯನ್ನು ಒತ್ತುವ ಬದಲು ತಾನೇ ಬಾಗಿ ತೂತಿನೊಳಗೆ ಸಿಕ್ಕಿಕೊಳ್ಳುತ್ತದೆ. ತಂತಿಯ ತುದಿಯನ್ನು ಅರದಿಂದ ಚಪ್ಪಟೆ ಮಾಡಿಕೊಳ್ಳಿ, ಚೂಪು ಮಾಡಬೇಡಿ. ಚೂಪಾದ ತುದಿ ಹಿತ್ತಾಳೆಯಲ್ಲಿ ಗುಳಿ ತೋಡಿ ಜಾರುತ್ತದೆ.

ಜಪಾನಿ ಕಾರಾದರೆ ಸ್ಟಾರ್ ಸ್ಕ್ರೂಗಳ ತಲೆಯ ಮೇಲೆ ಒಂದು ಪುಟ್ಟ ಚುಕ್ಕೆ ಇದೆಯೇ ನೋಡಿ. ಇದ್ದರೆ ಅದು ಜೆಐಎಸ್ ಸ್ಕ್ರೂ, ಅಂದರೆ ಜಪಾನಿನ ಕೈಗಾರಿಕಾ ಮಾನದಂಡದ್ದು. ಸಾಮಾನ್ಯ ಫಿಲಿಪ್ಸ್ ತುದಿ ಅದರಲ್ಲಿ ಪೂರ್ತಿ ಕೂರದೆ ಮೇಲೆದ್ದು ತಲೆ ತಿನ್ನುತ್ತದೆ. ಜೆಐಎಸ್ ತುದಿಯದೇ ಬೇಕು.

ಬ್ಯಾಟರಿ ಮತ್ತು ಏರ್‌ಬ್ಯಾಗ್

ಗ್ಲೋವ್ ಬಾಕ್ಸಿನಲ್ಲಿ ದೀಪವಿದ್ದರೆ ಅದರ ಸ್ವಿಚ್ಚು ಲಾಕಿನ ಪಕ್ಕದಲ್ಲೇ ಇರುವುದು ಸಾಮಾನ್ಯ. ಅನೇಕ ಕಾರುಗಳಲ್ಲಿ ಇಗ್ನಿಷನ್ ಆಫ್ ಇದ್ದರೂ ಆ ತಂತಿಯಲ್ಲಿ ಕರೆಂಟ್ ಇರುತ್ತದೆ. ಡ್ಯಾಶ್‌ಬೋರ್ಡಿನ ಲೋಹದ ಚೌಕಟ್ಟಿಗೆ ಇಕ್ಕಳ ತಾಗಿದರೆ ಫ್ಯೂಸ್ ಹೋಗುತ್ತದೆ, ಹಳೆಯ ವೈರಿಂಗ್ ಆದರೆ ತಂತಿಯೇ ಸುಟ್ಟೀತು. ಬ್ಯಾಟರಿಯ ನೆಗೆಟಿವ್ ಬಿಚ್ಚಿಯೇ ಶುರುಮಾಡಿ. ಸೀಟಿನ ಮುಂದೆ ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿ ಬಿಚ್ಚಿದ ಮೇಲೆ ಆ ಕಾರಿನ ಕೈಪಿಡಿ ಹೇಳುವಷ್ಟು ಹೊತ್ತು ಕಾಯಬೇಕು. ಕೈಪಿಡಿ ಇಲ್ಲದಿದ್ದರೆ ಅರ್ಧ ಗಂಟೆ ಬಿಡಿ. ಹಳದಿ ಹೊದಿಕೆಯ ತಂತಿ ಅಥವಾ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು ಎಂದೇ ತಿಳಿದು ಮುಟ್ಟದೆ ಬಿಡಿ. ಮೀಟರ್ ಹಚ್ಚಿ ಅಳೆಯಲೂ ಹೋಗಬೇಡಿ.

ಇನ್ನೊಂದು ಮುನ್ನೆಚ್ಚರಿಕೆ ಪ್ಲಾಸ್ಟಿಕ್ಕಿನದು. ಬಿಸಿಲಿಗೆ ಒಣಗಿದ ಹಳೆಯ ಎಬಿಎಸ್ ಪ್ಲಾಸ್ಟಿಕ್ ಚಳಿಯಲ್ಲಿ ಹಪ್ಪಳದಂತೆ ಮುರಿಯುತ್ತದೆ. ಕ್ಲಿಪ್ ಬಿಡಿಸುವ ಮುನ್ನ ಹೇರ್ ಡ್ರೈಯರಿನಿಂದ ಕೈಗೆ ಬೆಚ್ಚಗೆನಿಸುವಷ್ಟು, ಅಂದರೆ 40-50 ಡಿಗ್ರಿಯಷ್ಟು ಕಾಯಿಸಿ. ಪೇಂಟ್ ತೆಗೆಯುವ ಹೀಟ್ ಗನ್ ಬೇಡ. ಎಬಿಎಸ್ 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಆಕಾರ ಕೆಡುತ್ತದೆ.

ಮುಚ್ಚಿಕೊಂಡೇ ಕೂತಿದ್ದರೆ

ತೆರೆದ ಮುಚ್ಚಳದಿಂದ ಲಾಕ್ ಬಿಚ್ಚುವುದು ಹತ್ತು ನಿಮಿಷದ ಕೆಲಸ. ಕಷ್ಟವೆಲ್ಲ ಮುಚ್ಚಿದ ಮುಚ್ಚಳದ್ದು. ಏಕೆಂದರೆ ಡಬ್ಬಿಯನ್ನು ಡ್ಯಾಶ್‌ಬೋರ್ಡಿಗೆ ಬಿಗಿದ ಸ್ಕ್ರೂಗಳು ಬೇಕೆಂದೇ ಒಳಬದಿಗೆ ಇಟ್ಟಿರುತ್ತವೆ.

ಮೊದಲು ಇದನ್ನು ನೆನಪಿಸಿಕೊಳ್ಳಿ, ಅಥವಾ ಕಾರಿನ ಹಿಂದಿನ ಮಾಲೀಕರನ್ನು ಕೇಳಿ: ಲಾಕ್ ಹಾಕಿದ ಸ್ಥಿತಿಯಲ್ಲೂ ಮುಚ್ಚಳವನ್ನು ದೂಡಿದರೆ ಟಕ್ಕೆಂದು ಮುಚ್ಚಿಕೊಳ್ಳುತ್ತಿತ್ತೇ? ಹೌದಾದರೆ ನಾಲಗೆ ಸ್ಪ್ರಿಂಗಿನ ಮೇಲೆ ನಿಂತಿದೆ, ಕೀ ಬರೀ ಗುಂಡಿಯನ್ನು ತಡೆಯುತ್ತದೆ. ಅಂಥ ನಾಲಗೆಯ ಒಂದು ಬದಿ ಇಳಿಜಾರಾಗಿರುತ್ತದೆ. ಸಂದಿಗೆ ಎರಡೂ ಕಡೆ ಟೇಪ್ ಅಂಟಿಸಿ, ಅರ್ಧ ಮಿ.ಮೀ. ದಪ್ಪದ ಉಕ್ಕಿನ ಪಟ್ಟಿ ಅಥವಾ ಫೀಲರ್ ಗೇಜಿನ (ಸಂದಿ ಅಳೆಯುವ ಸಾಧನದ) ಎಲೆಯನ್ನು ಲಾಕಿನ ನೇರಕ್ಕೆ ತೂರಿಸಿ. ನಾಲಗೆಯ ಇಳಿಜಾರಿಗೆ ತಾಗಿಸಿ ಒತ್ತುತ್ತ ಮುಚ್ಚಳವನ್ನು ಸ್ವಲ್ಪ ಒಳಕ್ಕೆ ದೂಡಿ, ಆಮೇಲೆ ಹೊರಕ್ಕೆ ಎಳೆಯಿರಿ. ಒಳಕ್ಕೆ ದೂಡುವುದು ಮುಖ್ಯ. ನಾಲಗೆಯ ಮೇಲಿನ ಒತ್ತಡ ಹೋಗದಿದ್ದರೆ ಪಟ್ಟಿ ಬಾಗುತ್ತದೆಯೇ ಹೊರತು ನಾಲಗೆ ಸರಿಯುವುದಿಲ್ಲ. ಎಟಿಎಂ ಕಾರ್ಡಿನ ದಪ್ಪ ಸುಮಾರು 0.76 ಮಿ.ಮೀ., ಬಿಗಿ ಸಂದಿಗೆ ಅದು ದಪ್ಪವಾಯಿತು. ಇಳಿಜಾರು ನಿಮ್ಮ ಕಡೆ ಮುಖಮಾಡಿಲ್ಲದಿದ್ದರೆ ಪಟ್ಟಿಯ ತುದಿಯನ್ನು 3 ಮಿ.ಮೀ. ಕೊಕ್ಕೆಯಾಗಿ ಬಾಗಿಸಿ ಹಿಂದಿನಿಂದ ಎಳೆಯಬೇಕಾಗುತ್ತದೆ.

ಕೀ ತಿರುಗಿಸಿದಾಗ ಮಾತ್ರ ನಾಲಗೆ ಚಲಿಸುವ ಲಾಕಿನಲ್ಲಿ ಈ ಉಪಾಯ ನಡೆಯುವುದಿಲ್ಲ. ಆಗ ಹಿಂಜ್ ಕಡೆಯಿಂದ ಬನ್ನಿ. ಸೀಟನ್ನು ಪೂರ್ತಿ ಹಿಂದೆ ತಳ್ಳಿ, ನೆಲದ ಮೇಲೆ ಬೆನ್ನು ಹಾಸಿ ಮಲಗಿ ಕೆಳಗಿನಿಂದ ನೋಡಿ. ಮುಚ್ಚಳ ಕೆಳಮುಖವಾಗಿ ತೆರೆಯುವ ಹೆಚ್ಚಿನ ಕಾರುಗಳಲ್ಲಿ ಹಿಂಜಿನ ಎರಡರಿಂದ ನಾಲ್ಕು ಸ್ಕ್ರೂ ಅಥವಾ ಹಿಂಜ್ ಪಿನ್ನಿನ ತುದಿ ಕೆಳಗಡೆಗೆ ಕಾಣುತ್ತವೆ. ಅಡ್ಡಕ್ಕೆ ಟ್ರಿಮ್ ಹಲಗೆ ಇದ್ದರೆ ಅದನ್ನು ಮೊದಲು ತೆಗೆಯಿರಿ. ಹಿಂಜ್ ಬಿಚ್ಚಿದ ಮೇಲೆ ಮುಚ್ಚಳದ ಕೆಳ ಅಂಚನ್ನು ನಿಮ್ಮ ಕಡೆಗೆ ಒಂದೆರಡು ಸೆಂ.ಮೀ. ಎಳೆದು, ಇಡೀ ಮುಚ್ಚಳವನ್ನು ಕೆಳಕ್ಕೆ ಜಾರಿಸಿದರೆ ನಾಲಗೆ ಸ್ಟ್ರೈಕರಿನಿಂದ ತಾನಾಗಿ ಕಳಚುತ್ತದೆ. ಎರಡು ಕಡೆಯ ತಡೆಪಟ್ಟಿಗಳು ಇನ್ನೂ ಸಿಕ್ಕಿಕೊಂಡಿರುತ್ತವೆ ಎಂಬುದನ್ನು ಮರೆತು ಜಗ್ಗಬೇಡಿ. ಸಂದಿನಿಂದ ಕೈ ಹಾಕಿ ಅವನ್ನು ಕಳಚಿ.

ಹಿಂಜ್ ಪಿನ್ ತುಕ್ಕು ಹಿಡಿದಿದ್ದರೆ ಅಥವಾ ಸ್ಕ್ರೂ ಕಾಣದಿದ್ದರೆ ಮೂರನೆಯ ದಾರಿ ಸ್ಟ್ರೈಕರ್. ಪಕ್ಕದ ರೇಡಿಯೋ ಅಥವಾ ಸ್ಪೀಕರ್ ಹೊರತೆಗೆದು ಆ ತೂತಿನಿಂದ ಕನ್ನಡಿ ಹಿಡಿದು ನೋಡಿ. ಸ್ಟ್ರೈಕರಿನ ಎರಡು ಸ್ಕ್ರೂ ಹಿಂದಿನಿಂದ ಸಿಗುವ ಕಾರುಗಳಿವೆ. ಸ್ಟ್ರೈಕರ್ ಬಿಡಿಸಿದರೆ ಅದು ನಾಲಗೆಗೆ ನೇತಾಡುತ್ತಲೇ ಮುಚ್ಚಳದ ಜೊತೆ ಹೊರಬರುತ್ತದೆ.

ಲಾಕ್ ಯಾವ ಬಗೆಯದು

ಮುಚ್ಚಳ ತೆರೆದಾಯಿತು. ಈಗ ಲಾಕಿನ ಹಿಂಬದಿಯ ಫೋಟೋ ತೆಗೆದುಕೊಳ್ಳಿ, ಬದಿಗಳದ್ದೂ ಸೇರಿಸಿ. ಹಿಂಬದಿಗೆ ಪ್ಲಾಸ್ಟಿಕ್ ಅಥವಾ ರಟ್ಟಿನ ಮುಚ್ಚಿಗೆ ಇದ್ದರೆ ಮೊದಲು ಅದರ ಸ್ಕ್ರೂ ತೆಗೆಯಬೇಕು. ಮುಚ್ಚಳ ಎರಡು ಪದರದ್ದಾದರೆ ಒಳಪದರದ ಸುತ್ತ ಆರರಿಂದ ಎಂಟು ಸ್ಕ್ರೂಗಳಿರುವುದು ಸಾಮಾನ್ಯ, ಕೆಲವು ರಬ್ಬರ್ ಬಿರಡೆಯ ಕೆಳಗೆ ಅಡಗಿರುತ್ತವೆ.

ಹಿಂದೆ ಎರಡು ಕಚ್ಚುಗಳಿರುವ ತೆಳು ಉಂಗುರ ಕಂಡರೆ ರಿಂಗ್ ನಟ್. ಲಾಕಿನ ಕತ್ತಿನ ಸುತ್ತ ಸೀಳಿನಲ್ಲಿ ಕೂತ ತಗಡು ಕಂಡರೆ ಲಾಳದ ಕ್ಲಿಪ್. ಎರಡೂ ಇಲ್ಲದೆ, ಲಾಕಿನ ಮನೆ (ಸಿಲಿಂಡರ್ ಕೂರುವ ಹೊರಕವಚ) ಮುಚ್ಚಳದ ಜೊತೆಗೇ ಅಚ್ಚಾದಂತೆ ಅಥವಾ ಹಿಡಿಕೆಯೊಳಗೇ ಇದ್ದರೆ ಹಿಡಿದಿರುವುದು ಬಿಲ್ಲೆ. ನೇರವಾಗಿ ಎರಡು ಸ್ಕ್ರೂ ಕಂಡರೆ ಅದೃಷ್ಟ. ಬಿಚ್ಚಿ, ಮುಂದಿನ ಭಾಗಗಳನ್ನು ಬಿಟ್ಟು ಕೊನೆಗೆ ಹೋಗಿ.

ರಿಂಗ್ ನಟ್

ಕಚ್ಚಿಗೆ ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ತಟ್ಟುವುದು ಎಲ್ಲರಿಗೂ ಹೊಳೆಯುವ ದಾರಿ, ಅದೇ ಕೆಟ್ಟ ದಾರಿ. ನಟ್ ಮತ್ತು ಲಾಕಿನ ಮನೆ ಎರಡೂ ಸತುವಿನ ಮಿಶ್ರಲೋಹದ ಎರಕವಾಗಿರುವುದೇ ಹೆಚ್ಚು. ಕಚ್ಚು ಮುರಿದರೆ ಮತ್ತೆ ಹಿಡಿಯಲು ಏನೂ ಉಳಿಯುವುದಿಲ್ಲ. ಬದಲಿಗೆ ಎರಡೂ ಕಚ್ಚುಗಳಿಗೆ ಒಟ್ಟಿಗೆ ಕೂರುವ ಸಾಧನ ಮಾಡಿಕೊಳ್ಳಿ. 2 ಮಿ.ಮೀ. ದಪ್ಪದ ಉಕ್ಕಿನ ಪಟ್ಟಿಯ ತುದಿಯಲ್ಲಿ ಎರಡು ಹಲ್ಲು ಉಳಿಯುವಂತೆ ನಡುಭಾಗವನ್ನು ಅರದಿಂದ ತೆಗೆದರೆ ಸಾಕು. ಹಲ್ಲುಗಳ ಹೊರ ಅಂತರವನ್ನು ಕ್ಯಾಲಿಪರಿನಿಂದ ಅಳೆದು ಹೊಂದಿಸಿ. ಲಾಕಿನ ಬಾಲ ಉದ್ದವಾಗಿ ಹೊರಬಂದಿದ್ದರೆ ಪಟ್ಟಿ ಅಡ್ಡಬರುತ್ತದೆ. ಆಗ ಹಳೆಯ ಸಾಕೆಟ್ ಒಂದರ ಬಾಯಿಯನ್ನು ಎರಡು ಹಲ್ಲು ಬಿಟ್ಟು ಗ್ರೈಂಡ್ ಮಾಡಿ, ಬಾಲ ಅದರೊಳಗೆ ಕೂರುತ್ತದೆ.

ತುಕ್ಕು ಬಿಡಿಸುವ ಎಣ್ಣೆಯನ್ನು ಹನಿ ಹನಿಯಾಗಿ ಕಡ್ಡಿಯಿಂದ ಥ್ರೆಡ್ಡಿಗೆ ಮಾತ್ರ ಹಚ್ಚಿ ರಾತ್ರಿಯಿಡೀ ಬಿಡಿ. ಸ್ಪ್ರೇ ಮಾಡಿದರೆ ರಟ್ಟಿನ ಒಳಪೆಟ್ಟಿಗೆ ಎಣ್ಣೆ ಹೀರಿಕೊಂಡು ಕಲೆಯಾಗುತ್ತದೆ, ಅದು ಹೋಗುವುದಿಲ್ಲ. ಬಿಚ್ಚುವಾಗ ಮುಂಬದಿಯಲ್ಲಿ ಲಾಕಿನ ಮುಖವನ್ನು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದಿರಿ. ಇಲ್ಲದಿದ್ದರೆ ನಟ್ ಬದಲು ಇಡೀ ಲಾಕ್ ತಿರುಗಿ, ಅದು ತಿರುಗದಂತೆ ಮುಚ್ಚಳದ ತೂತಿನಲ್ಲಿ ಇಟ್ಟ ಚಪ್ಪಟೆ ಅಂಚು ಕಿತ್ತುಹೋಗುತ್ತದೆ. ಬೆಂಕಿ ಹಚ್ಚಿ ಸಡಿಲಿಸುವ ಯೋಚನೆ ಬಿಡಿ. ಈ ಮಿಶ್ರಲೋಹ ಸುಮಾರು 385 ಡಿಗ್ರಿಗೇ ಕರಗುತ್ತದೆ, ಪ್ಲಾಸ್ಟಿಕ್ ಅದಕ್ಕೂ ಎಷ್ಟೋ ಮೊದಲು.

ಲಾಳದ ಕ್ಲಿಪ್ಪಿಗೆ ಇಷ್ಟು ಹೇಳಬೇಕಾಗಿಲ್ಲ. ಅದನ್ನು ಹೊರಮುಖವಾಗಿ ಮೀಟಬಾರದು, ಬಾಯಿ ತೆರೆದ ಬದಿಯ ವಿರುದ್ಧ ದಿಕ್ಕಿಗೆ ಅದರ ಸಮತಲದಲ್ಲೇ ಸರಿಸಬೇಕು. ಹೊರಬರುವಾಗ ಚಿಮ್ಮುತ್ತದೆ, ಬಟ್ಟೆ ಅಡ್ಡಹಿಡಿಯಿರಿ. ಡ್ಯಾಶ್‌ಬೋರ್ಡಿನ ಹಿಂದೆ ಬಿದ್ದರೆ ಹೀಟರಿನ ಗಾಳಿದಾರಿಯೊಳಗೆ ಸೇರಿಬಿಡಬಹುದು.

ಬಿಲ್ಲೆ ಹಿಡಿದಿರುವ ಸಿಲಿಂಡರ್

ಹೆಚ್ಚು ಜನ ಸೋಲುವುದು ಇಲ್ಲಿ. ಸಿಲಿಂಡರಿನೊಳಗೆ ವೇಫರ್ ಎನ್ನುವ ತೆಳು ಹಿತ್ತಾಳೆ ಬಿಲ್ಲೆಗಳ ಸಾಲಿರುತ್ತದೆ. ಒಂದೊಂದರ ನಡುವೆಯೂ ಕೀ ಹಾಯುವ ಕಿಂಡಿ, ಬದಿಗೊಂದು ಕೂದಲೆಳೆಯಂಥ ಸ್ಪ್ರಿಂಗ್. ಕೀ ಇಲ್ಲದಾಗ ಬಿಲ್ಲೆಗಳು ಸಿಲಿಂಡರಿನಿಂದ ಹೊರಚಾಚಿ ಲಾಕಿನ ಮನೆಯ ಕಾಲುವೆಯೊಳಗೆ ಕೂತು ತಿರುಗುವಿಕೆಯನ್ನು ತಡೆಯುತ್ತವೆ. ಸರಿಯಾದ ಕೀ ಅವೆಲ್ಲವನ್ನೂ ಸಿಲಿಂಡರಿನ ಮೈಮಟ್ಟಕ್ಕೆ ತರುತ್ತದೆ. ಇವುಗಳ ಹಿಂದೆ, ಸಾಮಾನ್ಯವಾಗಿ ಸಾಲಿನ ಕೊನೆಯಲ್ಲಿ, ಕೀಗೆ ಸಂಬಂಧವೇ ಇಲ್ಲದ ಇನ್ನೊಂದು ಬಿಲ್ಲೆ ಇರುತ್ತದೆ. ಸಿಲಿಂಡರ್ ಮುಂದಕ್ಕೆ ಜಾರಿ ಬೀಳದಂತೆ ಹಿಡಿದಿರುವುದು ಅದೇ. ಅದನ್ನು ಒಳಕ್ಕೆ ಒತ್ತಿದರಷ್ಟೇ ಸಿಲಿಂಡರ್ ಹೊರಬರುತ್ತದೆ.

ಒತ್ತಲು ಲಾಕಿನ ಮನೆಯ ಬದಿಯಲ್ಲಿ 1.5 ರಿಂದ 2 ಮಿ.ಮೀ. ತೂತೊಂದು ಇರುತ್ತದೆ. ತೊಡಕೆಂದರೆ, ತೂತಿನ ಎದುರಿಗೆ ಬಿಲ್ಲೆ ಬರುವುದು ಕೀ ಒಂದು ನಿರ್ದಿಷ್ಟ ಕೋನಕ್ಕೆ ತಿರುಗಿದಾಗ ಮಾತ್ರ. ಕೆಲವು ಲಾಕುಗಳಲ್ಲಿ ಅದು ಲಾಕ್ ಹಾಕಿದ ಸ್ಥಾನ, ಕೆಲವುಗಳಲ್ಲಿ ತೆರೆದ ಸ್ಥಾನ, ಇನ್ನು ಕೆಲವುಗಳಲ್ಲಿ ಎರಡರ ನಡುವೆ ಎಲ್ಲೋ. ಟಾರ್ಚ್ ಹಿಡಿದು ತೂತಿನೊಳಗೆ ನೋಡುತ್ತ ಕೀಯನ್ನು ನಿಧಾನವಾಗಿ ತಿರುಗಿಸಿ. ಬೂದು ಬಣ್ಣದ ಎರಕದ ಬದಲು ಹಳದಿ ಹಿತ್ತಾಳೆ ಕಂಡ ಕೋನವೇ ಸರಿ. ಕೊಳೆಯಿಂದ ಬಣ್ಣ ತಿಳಿಯದಿದ್ದರೆ ತಂತಿಯಿಂದ ಮುಟ್ಟಿ ನೋಡಿ. ಎರಕ ಕಲ್ಲಿನಂತೆ ನಿಲ್ಲುತ್ತದೆ, ಬಿಲ್ಲೆ ಸ್ಪ್ರಿಂಗಿನ ಮೇಲೆ ಒಂದಿಷ್ಟು ತಗ್ಗುತ್ತದೆ.

ಬಿಲ್ಲೆ ಸಿಕ್ಕಿತೆಂದರೆ 1 ಮಿ.ಮೀ. ತಂತಿಯಿಂದ ನೇರವಾಗಿ ಒತ್ತಿ ಹಿಡಿದು, ಕೀಯನ್ನೇ ಹಿಡಿಯಾಗಿಸಿ ಹೊರಕ್ಕೆ ಎಳೆಯಿರಿ. ಬರದಿದ್ದರೆ ಹೆಚ್ಚು ಬಲ ಹಾಕುವುದಲ್ಲ, ಒತ್ತಿ ಹಿಡಿದಂತೆಯೇ ಕೀಯನ್ನು ಎರಡೂ ಕಡೆ ಹತ್ತು ಡಿಗ್ರಿ ಆಡಿಸಿ. ಬಿಲ್ಲೆಯ ಮೂಲೆ ಮನೆಯ ಸೀಳಿಗೆ ಸಿಕ್ಕಿಕೊಂಡಿರುವುದೇ ಸಾಮಾನ್ಯ ಕಾರಣ. ಇನ್ನೊಂದು ಕಾರಣ ಮೊದಲೇ ಎಳೆಯುತ್ತಿರುವುದು. ಎಳೆತ ಇದ್ದಾಗ ಬಿಲ್ಲೆ ಸೀಳಿನ ಅಂಚಿಗೆ ಬಿಗಿಯಾಗಿ ಒರಗುತ್ತದೆ, ಒತ್ತಿದರೂ ಒಳಗೆ ಹೋಗುವುದಿಲ್ಲ. ಆದ್ದರಿಂದ ಕ್ರಮ ಹೀಗೆ: ಸಿಲಿಂಡರನ್ನು ಒಳಕ್ಕೆ ತುಸು ದೂಡಿ, ಬಿಲ್ಲೆ ಒತ್ತಿ, ಆಮೇಲೆ ಎಳೆಯಿರಿ.

ತೂತು ಮುಖದ ಮೇಲೇ, ಕೀಕಿಂಡಿಯ ಪಕ್ಕದಲ್ಲಿರುವ ಲಾಕುಗಳೂ ಇವೆ. 1969ಕ್ಕೆ ಮುಂಚಿನ ಜನರಲ್ ಮೋಟಾರ್ಸ್ ಕಾರುಗಳ ಡ್ಯಾಶ್‌ಬೋರ್ಡ್ ಇಗ್ನಿಷನ್ ಸಿಲಿಂಡರ್ ಬಿಚ್ಚಿದವರಿಗೆ ಈ ವಿಧಾನ ಪರಿಚಿತ: ತಂತಿಯನ್ನು ಮುಂದಿನಿಂದ ತೂರಿಸಿ ಒತ್ತಿಕೊಂಡೇ ಕೀಯನ್ನು ಅದರ ಮಾಮೂಲಿ ಮಿತಿ ದಾಟಿಸಿ ತಿರುಗಿಸಬೇಕು. ಆಗ ಸಿಲಿಂಡರ್ ಸಡಿಲವಾಗುತ್ತದೆ.

ಸಿಲಿಂಡರ್ ಕಳಚುವಾಗ ಕೈಯನ್ನು ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಕೆಲಸ ಮಾಡಿ. ಕೀ ಒಳಗಿರುವವರೆಗೆ ಬಿಲ್ಲೆಗಳು ಹೊರಬೀಳುವುದಿಲ್ಲ. ಕೀ ಎಳೆದ ಕ್ಷಣ ಸವೆದ ಬಿಲ್ಲೆ ಮತ್ತು ಸ್ಪ್ರಿಂಗ್ ಹಾರಬಹುದು.

ಕೀ ಇಲ್ಲ, ಅಥವಾ ಕೀ ಮುರಿದಿದೆ

ಕೀ ಇಲ್ಲದಿದ್ದರೂ ಮುಚ್ಚಳ ತೆರೆದಿದ್ದರೆ ಗಾಬರಿಯಿಲ್ಲ. ಮೊದಲು ಲಾಕಿನ ಮನೆಯನ್ನೇ ಇಡಿಯಾಗಿ ಹೊರತೆಗೆದು ಮೇಜಿನ ಮೇಲೆ ತನ್ನಿ. ಸಿಲಿಂಡರನ್ನು ಹಿಂದಿನಿಂದ ಇ-ಕ್ಲಿಪ್ (ಇಂಗ್ಲಿಷ್ E ಆಕಾರದ ಪುಟ್ಟ ಕ್ಲಿಪ್) ಅಥವಾ ಸ್ಕ್ರೂ ಹಿಡಿದಿದ್ದರೆ ಅದನ್ನು ತೆಗೆದು, ಸಿಲಿಂಡರನ್ನು ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ತಳ್ಳಿ ನೋಡಿ. ಎರಕದ ಮನೆಯಲ್ಲಿ ಬಿಲ್ಲೆ ಕೂರುವ ಕಾಲುವೆಗಳು ಮುಂದಿನವರೆಗೂ ತೆರೆದಿರುವ ಲಾಕುಗಳು ಬಹಳ. ಅಂಥವುಗಳಲ್ಲಿ ಬಿಲ್ಲೆಗಳು ತಿರುಗುವುದನ್ನು ತಡೆಯುತ್ತವೆ, ಜಾರುವುದನ್ನಲ್ಲ. ಕೀ ಇಲ್ಲದೆಯೇ ಸಿಲಿಂಡರ್ ಹೊರಬರುತ್ತದೆ.

ಹಿಡಿದಿರುವುದು ಬದಿಯ ಬಿಲ್ಲೆಯಾದರೆ ಸಿಲಿಂಡರನ್ನು ತಿರುಗಿಸಲೇಬೇಕು. ಗ್ಲೋವ್ ಬಾಕ್ಸ್ ಲಾಕಿನಲ್ಲಿ ಬಾಗಿಲಿನ ಲಾಕಿಗಿಂತ ಕಡಿಮೆ ಬಿಲ್ಲೆಗಳಿರುವುದು ವಾಡಿಕೆ, ನಾಲ್ಕೈದು ಇದ್ದರೆ ಹೆಚ್ಚು. ಕೀಕಿಂಡಿಯ ಅಂಚಿಗೆ ಬಾಗಿದ ತೆಳುಪಟ್ಟಿ ಇಟ್ಟು ಬೆರಳ ತುದಿಯಷ್ಟೇ ಹಗುರವಾಗಿ ತಿರುಚುತ್ತ, ಅಲೆಯಾಕಾರದ ತಂತಿಯನ್ನು ಒಳಗೆ ಹೊರಗೆ ಆಡಿಸಿದರೆ ಬಿಲ್ಲೆಗಳು ಒಂದೊಂದಾಗಿ ಮಟ್ಟಕ್ಕೆ ಬರುತ್ತವೆ. ತಿರುಚುವ ಬಲ ಹೆಚ್ಚಾದರೆ ಎಲ್ಲವೂ ಒಟ್ಟಿಗೆ ಬಿಗಿದುಕೊಳ್ಳುತ್ತವೆ. ಒಣಗಿದ ಗ್ರೀಸಿನಿಂದ ಬಿಲ್ಲೆಗಳೇ ಅಂಟಿಕೊಂಡಿದ್ದರೆ ಮೊದಲು ಐಸೊಪ್ರೊಪೈಲ್ ಆಲ್ಕೊಹಾಲ್ ಬಿಟ್ಟು ತೊಳೆಯಿರಿ.

ಕೀ ಒಳಗೇ ಮುರಿದಿದ್ದರೆ ನೋಡಬೇಕಾದ್ದು ಒಂದೇ: ಸಿಲಿಂಡರ್ ಕೀ ಹಾಕುವ ಸ್ಥಾನದಲ್ಲಿದೆಯೇ? ಒಂದಿಷ್ಟು ತಿರುಗಿದ ಸ್ಥಿತಿಯಲ್ಲಿ ಮುರಿದಿದ್ದರೆ ಬಿಲ್ಲೆಗಳು ಹೊರಚಾಚಲು ಜಾಗವಿಲ್ಲದೆ ಕೀಯನ್ನು ಕಚ್ಚಿ ಹಿಡಿದಿರುತ್ತವೆ, ಎಷ್ಟು ಎಳೆದರೂ ಬರುವುದಿಲ್ಲ. ಮೊದಲು ಚಿಕ್ಕ ಸ್ಕ್ರೂಡ್ರೈವರಿನಿಂದ ಸಿಲಿಂಡರನ್ನು ಮೂಲ ಸ್ಥಾನಕ್ಕೆ ತನ್ನಿ. ಆಮೇಲೆ ಅಕ್ಕಸಾಲಿಗರ ಗರಗಸದ ಎಲೆಯನ್ನು ಹಲ್ಲುಗಳು ನಿಮ್ಮ ಕಡೆಗೆ ವಾಲುವಂತೆ ಕೀಯ ಹಲ್ಲಿನ ಬದಿಯಲ್ಲಿ ತೂರಿಸಿ, ಕೀಗೆ ಒತ್ತಿ ಹಿಡಿದು ಹೊರಕ್ಕೆಳೆಯಿರಿ. ಮುರಿದ ಎರಡೂ ತುಂಡು ಎಸೆಯಬೇಡಿ, ಅವನ್ನು ಜೋಡಿಸಿಟ್ಟು ಹೊಸ ಕೀ ಕತ್ತರಿಸಬಹುದು.

ಡ್ರಿಲ್ ಕೊನೆಯ ದಾರಿ. ಕೀಕಿಂಡಿಯ ನಡುವೆ ಪಂಚ್ ಗುರುತು ಹಾಕಿ, 3 ಮಿ.ಮೀ. ಬಿಟ್‌ನಿಂದ ನಿಧಾನ ವೇಗದಲ್ಲಿ ಕೊರೆದು, ನಂತರ 6 ಮಿ.ಮೀ.ಗೆ ಹಿಗ್ಗಿಸಿ. ಬಿಟ್ಟಿನ ಮೇಲೆ 20 ಮಿ.ಮೀ.ಗೆ ಟೇಪ್ ಸುತ್ತಿ ಗುರುತು ಮಾಡಿಕೊಳ್ಳಿ. ಗ್ಲೋವ್ ಬಾಕ್ಸ್ ಸಿಲಿಂಡರ್ ಗಿಡ್ಡ, ಅದರಾಚೆ ಹೋದರೆ ಬಾಲ, ಸ್ಪ್ರಿಂಗ್, ಒಳಗಿನ ಸಾಮಾನು ಎಲ್ಲಕ್ಕೂ ತಗಲುತ್ತದೆ. ಬಿಲ್ಲೆಗಳು ಪುಡಿಯಾದ ಮೇಲೆ ಚಪ್ಪಟೆ ಸ್ಕ್ರೂಡ್ರೈವರ್ ಇಟ್ಟು ತಿರುಗಿಸಿದರೆ ಸಿಲಿಂಡರ್ ತಿರುಗುತ್ತದೆ. ಕೊರೆಯುವಾಗ ವ್ಯಾಕ್ಯೂಮ್ ಕ್ಲೀನರಿನ ಮೂತಿ ಪಕ್ಕದಲ್ಲೇ ಇರಲಿ, ಲೋಹದ ಚೂರು ವೈರಿಂಗಿಗೆ ಬೀಳಬಾರದು. ಕಣ್ಣಿಗೆ ಕನ್ನಡಕ.

ಮೇಜಿನ ಮೇಲೆ

ತೊಳೆಯುವ ಮುಂಚೆ ಸಿಲಿಂಡರ್ ಮತ್ತು ಮನೆಯ ಮೇಲೆಲ್ಲ ಅಕ್ಷರ, ಅಂಕೆ ಹುಡುಕಿ. ಕೀ ಕೋಡ್ ಬಾಲದ ಬುಡದಲ್ಲೋ ಮೈಮೇಲೋ ಅಚ್ಚಾಗಿರುವ ಸಾಧ್ಯತೆ ಇದೆ. ತಂತಿ ಬ್ರಷ್ ಹಾಕಿ ಉಜ್ಜಿದರೆ ಅದೂ ಉಜ್ಜಿಹೋಗುತ್ತದೆ. ಫೋಟೋ ಮಸುಕಾದರೆ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಿರಿ. ಆದರೆ ಇಲ್ಲಿಂದ ಓದಿದ ಬಿಲ್ಲೆಗಳ ಆಳದಿಂದ ಇಡೀ ಕಾರಿನ ಕೀ ಸಿಗುತ್ತದೆಂದು ನಂಬಬೇಡಿ. ಬಿಲ್ಲೆ ಕಡಿಮೆ ಇರುವುದರಿಂದ ಕೀಯ ಕೆಲವು ಹಲ್ಲುಗಳ ಲೆಕ್ಕ ಇದರಲ್ಲಿ ಇರುವುದೇ ಇಲ್ಲ.

ತೊಳೆಯಲು ಆಲ್ಕೊಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್. ಬ್ರೇಕ್ ಕ್ಲೀನರ್ ಬಳಸಿದರೆ ಬರೀ ಲೋಹದ ಭಾಗಕ್ಕೆ, ಕಾರಿನಿಂದ ದೂರದಲ್ಲಿ. ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ಕಿಗೆ ಬಿದ್ದರೆ ಮೈ ಬಿಳಿಚಿಕೊಂಡು ಬಿರಿಯುತ್ತದೆ.

ಬೇರೆ ಕೀಗೆ ಹೊಂದಿಸಬೇಕಿದ್ದರೆ ಆ ಕೀಯನ್ನು ಸಿಲಿಂಡರಿಗೆ ಹಾಕಿ ಯಾವ ಬಿಲ್ಲೆ ಮೈಮಟ್ಟದಲ್ಲಿದೆ, ಯಾವುದು ಚಾಚಿದೆ ಎಂದು ಬೆರಳಾಡಿಸಿ ನೋಡಿ. ಚಾಚಿರುವವುಗಳ ಜಾಗ ಅದಲುಬದಲು ಮಾಡಿದರೆ ಕೆಲವು ಸರಿಹೊಂದುತ್ತವೆ. ಬಿಲ್ಲೆಗಳ ಮೇಲೆ ಆಳದ ಅಂಕೆ ಇದ್ದರೆ ಈ ಕೆಲಸ ಬೇಗ ಸಾಗುತ್ತದೆ. ಉಳಿದವನ್ನು ಕೀ ಒಳಗಿಟ್ಟುಕೊಂಡೇ ಅರದಿಂದ ಮೈಮಟ್ಟಕ್ಕೆ ಉಜ್ಜುವವರಿದ್ದಾರೆ. ಲಾಕ್ ಕೆಲಸ ಮಾಡುತ್ತದೆ, ನಿಜ. ಆದರೆ ಹಾಗೆ ಉಜ್ಜಿದ ಬಿಲ್ಲೆ ಕೀ ಇಲ್ಲದಾಗ ಕಾಲುವೆಗೆ ಕಡಿಮೆ ಚಾಚುತ್ತದೆ, ಬೇರೆ ಕೀಗಳಿಗೂ ಬಗ್ಗುವಂತಾಗುತ್ತದೆ. ಒಂದು ಬಿಲ್ಲೆಯನ್ನು ಪೂರ್ತಿ ತೆಗೆದುಬಿಡುವುದೇ ಅದಕ್ಕಿಂತ ಅಚ್ಚುಕಟ್ಟು. ಮೂರಾದರೂ ಉಳಿದರೆ ಗ್ಲೋವ್ ಬಾಕ್ಸಿಗೆ ಸಾಕು. ತೆಗೆದ ಬಿಲ್ಲೆಯ ಸ್ಪ್ರಿಂಗನ್ನೂ ತೆಗೆಯಿರಿ, ಬಿಟ್ಟರೆ ಅದು ಕಾಲುವೆಗೆ ಬಿದ್ದು ಸಿಲಿಂಡರ್ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ.

ಎಂಜಿನ್ ಆಯಿಲ್ ಬೇಡ, ಗ್ರೀಸ್ ಬೇಡ. ಎರಡೂ ಧೂಳು ಹಿಡಿದು ಮೇಣವಾಗುತ್ತವೆ. ಕೀಯ ಮೇಲೆ ಚಿಟಿಕೆ ಗ್ರಾಫೈಟ್ ಪುಡಿ ಹಾಕಿ ಹತ್ತಾರು ಸಲ ಒಳಗೆ ಹೊರಗೆ ಮಾಡಿದರೆ ಸಾಕು. ಅಥವಾ ಒಣಗುವ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ. ಎಣ್ಣೆ ಇರುವ ಲಾಕಿಗೆ ಗ್ರಾಫೈಟ್ ಹಾಕಿದರೆ ಕಪ್ಪು ಕೆಸರಾಗುತ್ತದೆ, ಆದ್ದರಿಂದ ಒಂದೇ ಬಗೆಯದು. ಸಿಲಿಂಡರಿನಾಚೆ ನಾಲಗೆ ಜಾರುವ ಜಾಗಕ್ಕೆ ಮಾತ್ರ ಬಿಳಿ ಲಿಥಿಯಂ ಗ್ರೀಸಿನ ತೆಳು ಲೇಪ ಕೊಡಬಹುದು.

ಮರುಜೋಡಣೆ

ಸಿಲಿಂಡರನ್ನು ಕೀ ಸಮೇತ, ಹೊರಬಂದ ಕೋನದಲ್ಲೇ ತೂರಿಸಿ. ಹಿಡಿಯುವ ಬಿಲ್ಲೆ ಟಿಕ್ಕೆಂದು ಕೂತಿತೇ ಎಂದು ಕೀ ತೆಗೆಯುವ ಮುನ್ನ ಎಳೆದು ಪರೀಕ್ಷಿಸಿ. ಬಾಲದ ಪಟ್ಟಿಯನ್ನು 180 ಡಿಗ್ರಿ ತಿರುಗಿಸಿ ಹಾಕಲು ಸಾಧ್ಯವಿರುವ ಲಾಕುಗಳಿವೆ. ಹಾಗೆ ತಪ್ಪಿ ಹಾಕಿದರೆ ಕೀ ತೆರೆಯುವ ಕಡೆಗೆ ತಿರುಗಿದಾಗ ನಾಲಗೆ ಹೊರಬರುತ್ತದೆ. ಮೊದಲು ತೆಗೆದ ಫೋಟೋ ಬೇಕಾಗುವುದು ಇಲ್ಲಿ.

ಪ್ಲಾಸ್ಟಿಕ್ಕಿಗೆ ಹೋಗುವ ಸ್ಕ್ರೂಗಳನ್ನು ಮೊದಲು ಹಿಮ್ಮುಖವಾಗಿ ತಿರುಗಿಸಿ. ಹಳೆಯ ಥ್ರೆಡ್ಡಿಗೆ ಇಳಿದಾಗ ಸಣ್ಣಗೆ ಕುಸಿದದ್ದು ಕೈಗೆ ತಿಳಿಯುತ್ತದೆ, ಅಲ್ಲಿಂದ ಮುಮ್ಮುಖ ಬಿಗಿಯಿರಿ. ಸೀದಾ ಬಿಗಿದರೆ ಹೊಸ ಥ್ರೆಡ್ ಕತ್ತರಿಸಿಕೊಂಡು, ನಾಲ್ಕೈದು ಸಲದ ನಂತರ ತೂತಿನಲ್ಲಿ ಹಿಡಿತವೇ ಇರುವುದಿಲ್ಲ. ರಿಂಗ್ ನಟ್ಟಿಗೆ ಕೈಬಿಗಿ, ಅದರ ಮೇಲೆ ಕಾಲು ಸುತ್ತು, ಅಷ್ಟೇ.

ಈಗ ಮುಚ್ಚಳವನ್ನು ಮುಚ್ಚಬೇಡಿ. ತೆರೆದಿಟ್ಟುಕೊಂಡೇ ಸ್ಕ್ರೂಡ್ರೈವರ್ ತುದಿಯಿಂದ ನಾಲಗೆಯನ್ನು ಒಳಕ್ಕೆ ತಳ್ಳಿ ಬಿಡಿ, ಗುಂಡಿ ಒತ್ತಿ, ಲಾಕ್ ಹಾಕಿ, ಮತ್ತೆ ಗುಂಡಿ ಒತ್ತಿ, ಲಾಕ್ ತೆಗೆಯಿರಿ. ಹೀಗೆ ಹತ್ತು ಸಲವಾದರೂ. ಒಂದು ಸಲ ತಡವರಿಸಿದರೂ ಮತ್ತೆ ಬಿಚ್ಚಿ ನೋಡುವುದು ಮುಚ್ಚಿದ ಮೇಲೆ ಹಿಂಜ್ ಬಿಚ್ಚುವುದಕ್ಕಿಂತ ಸುಲಭ.

ನಂತರ ಸ್ಟ್ರೈಕರ್ ಹೊಂದಿಕೆ. ಅದರ ಸ್ಕ್ರೂಗಳನ್ನು ಕೈಯಿಂದ ಸರಿಸಿದರೆ ಸರಿಯುವಷ್ಟು ಸಡಿಲ ಬಿಟ್ಟು, ನಾಲಗೆಯ ತುದಿಗೆ ಸೀಮೆಸುಣ್ಣ ಹಚ್ಚಿ, ಗುಂಡಿ ಒತ್ತಿಕೊಂಡೇ ಮುಚ್ಚಳವನ್ನು ತಾಗಿಸಿ ಬಿಡಿ. ಗುರುತು ಸ್ಟ್ರೈಕರಿನ ತೂತಿನ ನಡುವೆ ಬೀಳಬೇಕು, ಬದಿಗೆ ಬಿದ್ದರೆ ಅಷ್ಟು ಸರಿಸಿ. ಮುಚ್ಚಿದಾಗ ರಬ್ಬರ್ ಗೂಟಗಳು ಮುಚ್ಚಳವನ್ನು ಸ್ವಲ್ಪ ಹೊರಕ್ಕೆ ಒತ್ತುತ್ತಿರಬೇಕು. ರಬ್ಬರ್ ಗಟ್ಟಿಯಾಗಿ ಕುಗ್ಗಿದ್ದರೆ ಮುಚ್ಚಳ ಗಡಗಡ ಎನ್ನುತ್ತದೆ, ಅದನ್ನು ನಿಲ್ಲಿಸಲು ಸ್ಟ್ರೈಕರನ್ನು ಒಳಕ್ಕೆ ಎಳೆದು ಬಿಗಿದರೆ ನಾಲಗೆಯ ಮೇಲೆ ಮತ್ತೆ ಒತ್ತಡ ಬೀಳುತ್ತದೆ. ಹೊಸ ಗೂಟ ಹಾಕಿ, ಇಲ್ಲವೇ ಹಳೆಯದರ ಕೆಳಗೆ 1 ಮಿ.ಮೀ. ರಬ್ಬರ್ ಚೂರು ಇಡಿ. ಕೊನೆಗೆ ಬ್ಯಾಟರಿ ಜೋಡಿಸಿ, ಮುಚ್ಚಳ ಪೂರ್ತಿ ಮುಚ್ಚುವ ಮೊದಲೇ ಒಳದೀಪ ಆರುತ್ತಿದೆಯೇ ಎಂದು ಸಂದಿನಿಂದ ನೋಡಿ. ಆರದಿದ್ದರೆ ಸ್ವಿಚ್ಚಿನ ಕಡ್ಡಿಯನ್ನು ಒಂದೆರಡು ಮಿ.ಮೀ. ಮುಂದಕ್ಕೆ ಸರಿಸಬೇಕು.